ಚಲನೆಗೆ ಚೇತನ ಬೇಕೇ?

ಚಲಿಸುವುದೆಲ್ಲ ಚೇತನ, ನಿಂತದ್ದೆಲ್ಲ ಜಡ ಎಂಬ ಎಣಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬಯಲಿನಲ್ಲಿ ಕುರಿಹಿಂಡು ಒಮ್ಮೆಗೇ ಹೊರಳಿದರೆ ಅದರ ಹಿಂದೊಂದು ಮನಸ್ಸಿದೆ ಎನ್ನುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಶ್ರೀರಾಮ್ ರಾಮಸ್ವಾಮಿಯವರ ಕೆಲಸ ಈ ಎಣಿಕೆಯನ್ನು ಅಲುಗಿಸುತ್ತದೆ. ಮಂದ ದ್ರವದಲ್ಲಿ ತಾವಾಗಿ ಈಜುವ ಕಣಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದರೆ ಆ ಶಿಸ್ತು ಉಳಿಯದು, ಅವೇ ಎಬ್ಬಿಸುವ ಹರಿವು ಅದನ್ನು ಮುರಿಯುತ್ತದೆ ಎಂದು ಅವರು ಅದಿತಿ ಸಿಂಹ ಅವರೊಡನೆ 2002ರಲ್ಲಿ ಗಣಿತದಿಂದ ತೋರಿಸಿದರು. 2007ರಲ್ಲಿ ವಿಜಯ್ ನಾರಾಯಣ್, ನಾರಾಯಣನ್ ಮೆನನ್ ಅವರೊಂದಿಗೆ ಪ್ರಕಟಿಸಿದ ಪ್ರಯೋಗ ಇನ್ನೂ ಬೆರಗಿನದು. ಕಂಪಿಸುವ ತಟ್ಟೆಯ ಮೇಲೆ ತಾಮ್ರದ ಚಿಕ್ಕ ಕಡ್ಡಿಗಳು ಜೀವಿಗಳ ಹಿಂಡಿನಂತೆ ಒಂದೆಡೆ ಕಿಕ್ಕಿರಿದವು, ಇನ್ನೊಂದೆಡೆ ವಿರಳವಾದವು. ಸಮತೋಲದಲ್ಲಿರುವ ವಸ್ತುಗಳಲ್ಲಿ ಕಾಣದಷ್ಟು ದೊಡ್ಡ ಏರಿಳಿತ ಅದು.

ಕಡ್ಡಿಗಳ ಶಕ್ತಿ ಹೊರಗಿನ ತಟ್ಟೆಯದು, ಜೀವಿಯದು ಒಳಗಿನದು ಎಂಬ ಆಕ್ಷೇಪ ಬರಬಹುದು. ಆದರೆ ಕುರಿಯ ಶಕ್ತಿಯೂ ಹೊರಗಿನ ಮೇವಿನಿಂದಲೇ ಬರುತ್ತದೆ. ಕಡ್ಡಿಗೆ ಹಸಿವಿಲ್ಲ, ನೋವಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಒಪ್ಪಲೇಬೇಕಾದದ್ದು. ಹಾಗಾದರೆ ಚೇತನವನ್ನು ಹುಡುಕಬೇಕಾದ್ದು ಅನುಭವದಲ್ಲಿ. ಹಿಂಡಿನ ನಡೆಯನ್ನು ಭೌತನಿಯಮ ವಿವರಿಸಿದ್ದರಿಂದ ಚೇತನದ ಮೂಲ ಆತ್ಮವೆಂದು ನಂಬುವವರಿಗೆ ನಷ್ಟವೇನಿಲ್ಲ. ಚಲನೆಯೇ ಆತ್ಮಕ್ಕೆ ಪುರಾವೆ ಎಂಬ ವಾದ ಮಾತ್ರ ಇನ್ನು ನಿಲ್ಲದು.