ಕೈಚಳಕವೂ ಕಾಯಕವೂ

ಕೈಗೆ ಶಿಸ್ತನ್ನೂ ಮನಕ್ಕೆ ಏಕಾಗ್ರತೆಯನ್ನೂ ಕಲಿಸುವ ಪ್ರತಿಯೊಂದು ಕೆಲಸವೂ ಕಾಯಕವೆನಿಸುವುದೇ? ಪ್ರಶ್ನೆ ಮೇಲುನೋಟಕ್ಕೆ ಸರಳವಾಗಿ ತೋರುವುದು. ಮೀನಿನ ಗಾಳಕ್ಕೆ ಜಿಂಕೆಯ ಕೂದಲನ್ನು ಸುತ್ತಿ ಹುಸಿನೊಣವನ್ನು ಕಟ್ಟುವ ವಿದ್ಯೆಯೊಂದನ್ನು ಎದುರಿಗಿಟ್ಟುಕೊಂಡು ವಿಚಾರಿಸಿದರೆ ಅದರ ತೊಡಕು ತಿಳಿದೀತು.

ಹಲಸಿಗೆ ಹೆಸರಾದ ಚೇಳೂರಿನ ಕಡೆ ಗಾಳವೆಂದರೆ ಬಿದಿರುಕೋಲು, ದಾರ, ಎರೆಹುಳು ಇಷ್ಟೇ. ಪಾಶ್ಚಾತ್ಯ ದೇಶಗಳಲ್ಲಾದರೋ ಅದು ಬೇರೊಂದು ಕಲೆಯಾಗಿ ಬೆಳೆದಿದೆ. ಗರಿ, ನೂಲು, ರೋಮಗಳಿಂದ ನೊಣದಂತೆಯೋ ಕಪ್ಪೆಯಂತೆಯೋ ತೋರುವ ಆಕೃತಿಯನ್ನು ಗಾಳಕ್ಕೆ ಕಟ್ಟಿ ಮೀನನ್ನು ವಂಚಿಸುವರು. 1930ರ ದಶಕದಲ್ಲಿ ಡಾನ್ ಗೇಪನ್ ಎಂಬಾತನು ಕೆನಡಾದ ನಿಪಿಗಾನ್ ನದಿಗಾಗಿ ಕಟ್ಟಿದ ಪ್ರಸಿದ್ಧವಾದ ಹುಸಿಮೀನಿನ ತಲೆ ಜಿಂಕೆಯ ಕೂದಲಿನದೇ.

ಈ ಕೂದಲನ್ನು ಉಣ್ಣೆಯಂತೆ ನೂಲಲಾಗದು. ಕುರಿಯ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಕದಿರಿಗೆ ಒಗ್ಗಿ ಕಂಬಳಿಯಾಗುವುವು. ಜಿಂಕೆಯ ಕೂದಲು ಬಿರುಸು. ಒಳಗೆ ಗಾಳಿ ತುಂಬಿದ ಸೂಕ್ಷ್ಮ ಕೋಶಗಳಿರುವುದರಿಂದ ನೀರಿನಲ್ಲಿ ತೇಲುವಂಥದು. ಕಲಿಯುವವನು ಸೀಸದ ಕಡ್ಡಿಯಷ್ಟು ದಪ್ಪದ ಒಂದು ಕಂತೆಯನ್ನು ಕತ್ತರಿಸಿ, ಬುಡದ ಮೆತ್ತನೆಯ ತುಪ್ಪಳವನ್ನು ಬಾಚಿ ತೆಗೆದು, ಗಾಳದ ಬರಿಯ ದಂಡದ ಮೇಲಿಟ್ಟು, ಗಟ್ಟಿ ನೂಲನ್ನು ಎರಡು ಸುತ್ತು ಸಡಿಲಾಗಿ ಹಾಯಿಸುವನು. ಬಳಿಕ ನೂಲನ್ನು ಬಿಗಿಯುತ್ತಿರುವಂತೆಯೇ ಕಂತೆಯನ್ನು ಹಿಡಿದ ಬೆರಳುಗಳನ್ನು ಬಿಡಬೇಕು. ಬಿಗಿದಲ್ಲಿ ಕೂದಲು ಅಮುಕಿ ತುದಿಗಳು ಸೆಟೆದೇಳುವುವು. ಕಂತೆ ದಂಡದ ಸುತ್ತಲೂ ತಿರುಗಿ ಹೂವಿನಂತೆ ಹರಡುವುದು. ಬೇಗ ಬಿಟ್ಟರೆ ಚೆದರೀತು, ತಡವಾದರೆ ಒಂದೇ ಮಗ್ಗುಲಿಗೆ ನಿಂತೀತು. ಹೀಗೆ ಕಂತೆಯ ಹಿಂದೆ ಕಂತೆಯನ್ನು ಒತ್ತಿ ಕೂರಿಸಿ, ಕಡೆಗೆ ಕತ್ತರಿಯಿಂದ ರೂಪಕ್ಕೆ ತರುವರು. ಹಲವು ಸಲ ಕೆಡಿಸದೆ ಇದು ಕೈಗೂಡುವುದಿಲ್ಲ. ಅಭ್ಯಾಸ ವೈರಾಗ್ಯಗಳೆರಡೂ ಒಂದೇ ಬೆರಳಿನಲ್ಲಿ ಕೂಡಿವೆಯೆಂದು ಪತಂಜಲಿಯನ್ನು ಓದಿದವನು ಹೇಳಿಯಾನು. ಆದರೆ ಕೆರೆಯಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಬಕನ ಏಕಾಗ್ರತೆಯೂ ಏಕಾಗ್ರತೆಯೇ ಅಲ್ಲವೇ?

ನುಲಿಯ ಚಂದಯ್ಯನ ಐತಿಹ್ಯವನ್ನು ಇಲ್ಲಿ ನೆನೆಯಬೇಕು. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕಳಚಿ ಬಿದ್ದರೂ ಆತನು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಲಿಂಗವೇ ಹಿಂಬಾಲಿಸಿತೆಂದೂ ಹೇಳುವರು. ಕೆಲಸದಲ್ಲಿ ಮೈಮರೆಯುವುದಕ್ಕೆ ಇದನ್ನು ದೃಷ್ಟಾಂತವಾಗಿ ಕೊಡುವುದು ರೂಢಿ. ಅದು ಅರ್ಧ ಮಾತ್ರ. ನುಲಿದ ಹಗ್ಗವನ್ನು ಮಾರಿ ಬಂದುದು ಜಂಗಮದಾಸೋಹಕ್ಕೆ ಸಲ್ಲುತ್ತಿತ್ತೆಂಬ ಉಳಿದರ್ಧವನ್ನು ಬಿಟ್ಟರೆ ಚಂದಯ್ಯನು ಬರಿಯ ಕುಶಲಿಯಾಗಿ ಉಳಿಯುವನು. ಕದಿರ ರೆಮ್ಮವ್ವೆಯ ನೂಲಿಗೂ ಇದೇ ಮಾತು ಸಲ್ಲುವುದು. ಕುರಿಯ ಮೈಯಲ್ಲಿ ಉಣ್ಣೆ ಮತ್ತೆ ಬೆಳೆಯುವುದು. ತೊಗಲಿನೊಡನೆ ಬರುವ ಜಿಂಕೆಯ ಕೂದಲಿಗೆ ಜಿಂಕೆಯೇ ಸಾಯಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಮೃಗಗಳ ಕೊಂಬು ಚರ್ಮಗಳ ಜೊತೆಗೆ ಕೂದಲನ್ನೂ ಹೆಸರಿಸಿ ಅದರ ವ್ಯಾಪಾರವನ್ನು ತಡೆದಿದೆ. ಹಿಂದೆ ತಪಸ್ವಿಗಳ ಆಸನಕ್ಕೆ ಕೃಷ್ಣಾಜಿನವನ್ನು ಒದಗಿಸುತ್ತಿದ್ದ ಕೃಷ್ಣಮೃಗ ಇಂದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ರಕ್ಷಣೆ ಪಡೆದಿದೆ.

ಗಾಳದವರ ಪಕ್ಷದಲ್ಲಿಯೂ ಹೇಳತಕ್ಕುದುಂಟು. ದೇವರಾಯನದುರ್ಗದಲ್ಲಿ ಹುಟ್ಟಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬುವ ಶಿಂಷೆಯು ಕಾವೇರಿಯನ್ನು ಸೇರಿದ ಬಳಿಕ, ಭೀಮೇಶ್ವರಿಯ ಮಡುಗಳಲ್ಲಿ ಮಹಶೀರ್ ಎಂಬ ದೊಡ್ಡ ಮೀನುಂಟು. ಕಬಿನಿಯಲ್ಲಿ 1946ರಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮಹಶೀರ್ 120 ಪೌಂಡು ತೂಗಿತ್ತು. ಕಾವೇರಿಯಲ್ಲಿ ಇದನ್ನು ಹಿಡಿಯಲು ಹುಸಿನೊಣಕ್ಕಿಂತ ರಾಗಿಯ ಉಂಡೆಯೇ ಹೆಚ್ಚು ಬಳಕೆಯಲ್ಲಿದ್ದಿತು. ಬಡವನ ಮುದ್ದೆಗೆ ಇಂತಹ ಗತಿಯೂ ಬರಬೇಕೇ ಎನಿಸುವುದು! ಅಲ್ಲಿನ ಶಿಬಿರಗಳಲ್ಲಿ ಮೀನನ್ನು ತೂಗಿ ಮರಳಿ ನೀರಿಗೆ ಬಿಡುತ್ತಿದ್ದರು. ಮೊದಲು ಸಿಡಿಮದ್ದು ಹಾಕಿ ಮೀನನ್ನು ಕೊಲ್ಲುತ್ತಿದ್ದವರಿಗೆ ಗಾಳದವರ ಜೊತೆಗಾರರಾಗಿ ಕೆಲಸವೂ ಸಿಕ್ಕಿತು. ವಿನೋದದ ಹಣದಿಂದ ಜಲಚರಕ್ಕೆ ಕಾವಲಾದದ್ದು ಸುಳ್ಳಲ್ಲ. 2010ರ ಆಸುಪಾಸಿನಲ್ಲಿ ಕಾವೇರಿ ವನ್ಯಧಾಮದಲ್ಲಿ ಈ ಕ್ರೀಡೆ ನಿಂತಿತು. ಕಾವೇರಿಯ ಈ ಮೀನು ಅಳಿವಿನ ತೀರ ಸಮೀಪದಲ್ಲಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಯಿತು. ಆದರೂ ಕಾವಲು ಒಳ್ಳೆಯದೆಂಬುದರಿಂದ ದವಡೆಗೆ ಕೊಕ್ಕೆ ಚುಚ್ಚುವುದು ದಯೆಯಾಗದು. ಹೊಟ್ಟೆಯ ಪಾಡಿಗೆ ಬಲೆ ಬೀಸುವವನ ಮಾತು ಬೇರೆ. ಆತನನ್ನು ಈ ವಿನೋದದ ಸಾಲಿಗೆ ಸೇರಿಸುವುದು ಅನ್ಯಾಯ.

ಮಾಂಸವನ್ನು ಮುಟ್ಟದ ಗೃಹಸ್ಥನು ಈ ವಿಚಾರ ತನಗೇಕೆಂದು ಪಕ್ಕಕ್ಕೆ ಸರಿಯಲಾಗದು. ಸಂತೆಯಲ್ಲಿ ಹುಣಿಸೆಹಣ್ಣನ್ನು ತೂಗುವಾಗ ತಕ್ಕಡಿಯ ದಂಡವನ್ನು ಕಿರುಬೆರಳಿನಿಂದ ಕಾಣದಂತೆ ಒತ್ತುವುದಕ್ಕೂ ವರ್ಷಗಳ ಅಭ್ಯಾಸ ಬೇಕು. ಅಲ್ಲಿಯೂ ಹಿಡಿಯುವ ಬಿಡುವ ಕ್ಷಣ ತಪ್ಪಬಾರದು. ಮಾರಲು ಬಂದ ರೈತನೇ ಅಲ್ಲಿ ಮೀನು. ಅಂಥವನು ಸಂಜೆ ಲಿಂಗಪೂಜೆಗೆ ಕೂತಾಗ ಇಷ್ಟಲಿಂಗವನ್ನು ಹಿಡಿಯುವ ಅಂಗೈಯಲ್ಲಿ ಆ ಕಿರುಬೆರಳೂ ಸೇರಿದೆ.

ಈಚೆಗೆ ಜಿಂಕೆಯ ಕೂದಲಿಗೆ ಬದಲಾಗಿ ಕುರಿಯ ಉಣ್ಣೆಯಿಂದಲೇ ಹುಸಿಮೀನಿನ ತಲೆಯನ್ನು ಕಟ್ಟುವವರಿದ್ದಾರೆ; ಅದು ತೇಲುವುದಿಲ್ಲ, ನೀರು ಕುಡಿದು ಮುಳುಗುವುದು. ಕೊಕ್ಕೆಯ ಹಿಮ್ಮುಳ್ಳನ್ನು ಚಪ್ಪಟೆ ಮಾಡಿ ಬಳಸುವವರೂ ಉಂಟು. ಅದರಿಂದ ಗಾಯವು ಕಡಿಮೆಯಾಗುವುದು, ಇಲ್ಲವಾಗದು.