ಪಠಾಣನ ಮೂಲ ಯಾವುದು?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ದುಡಿಯುವ ಯುವಕನೊಬ್ಬನನ್ನು ನಾವು ಬಲ್ಲೆವು. ಊರು ಹಾವೇರಿ ಜಿಲ್ಲೆಯ ಸವಣೂರು. ಹೆಸರಿನ ಕೊನೆಗೆ ‘ಪಠಾಣ’ ಎಂದಿದೆ. ಬಾಡಿಗೆ ಮನೆ ಕೇಳಲು ಹೋದಾಗ ಮಾಲೀಕರು ಹೆಸರು ಕೇಳಿದವರೇ ಹಿಂದಿಗೆ ಹೊರಳಿ, ಯಾವ ಕಡೆಯವರೆಂದು ವಿಚಾರಿಸಿದರು. “ಸವಣೂರಿನವ್ರರೀ” ಎಂದು ಆತ ಕನ್ನಡದಲ್ಲೇ ಹೇಳಿದ. “ಅದಲ್ಲ, ಮೂಲ ಎಲ್ಲಿ?” ಎಂದರು. ಆತನಿಗೆ ಉತ್ತರ ತೋಚಲಿಲ್ಲ.

ಎಷ್ಟು ಹಿಂದಕ್ಕೆ ಹೋದರೆ ಈ ಮೂಲ ಸಿಗುತ್ತದೆ?

ಸವಣೂರನ್ನು ಆಳಿದ ನವಾಬರು ಮಿಯಾನಾ ಕುಲದ ಪಠಾಣರು. ಬಿಜಾಪುರದ ಆದಿಲಶಾಹಿಗಳ ಸೇವೆಯಲ್ಲಿದ್ದ ಮನೆತನವದು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾದ ಬಳಿಕ ಅಬ್ದುಲ್ ರವೂಫ್ ಖಾನ್ ಈ ಸೀಮೆಯನ್ನು ಮೊಗಲರಿಂದ ಜಹಗೀರಾಗಿ ಪಡೆದ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಪಠಾಣ ಎಂದು ಬರೆದುಕೊಳ್ಳುವವರೆಲ್ಲ ನವಾಬರ ಕುಲದವರೇನಲ್ಲ. ಆ ಯುವಕನ ಮನೆಯಲ್ಲಿ ಪಶ್ತೋ ಭಾಷೆಯ ಒಂದು ಮಾತೂ ಉಳಿದಿಲ್ಲ. ಮನೆಮಾತು ದಖನಿ ಉರ್ದು. ಅದರಲ್ಲಿ ‘ಬೇಡ’ ಎನ್ನಲು ಬಳಸುವ ‘ನಕ್ಕೋ’ ಮರಾಠಿಯಿಂದ ಬಂದದ್ದು. ಶಾಲೆಯಲ್ಲಿ, ಸಂತೆಯಲ್ಲಿ ಕನ್ನಡ.

ಅಫ್ಘಾನ್ ಬೆಟ್ಟಗಳವರೆಗೆ ಹುಡುಕಿಕೊಂಡು ಹೋದರೂ ಮೂಲ ಸುಲಭವಾಗಿ ಕೈಗೆ ಸಿಗದು. ಜಹಾಂಗೀರನ ಕಾಲದಲ್ಲಿ ನಿಅಮತುಲ್ಲಾ ಬರೆದ ‘ಮಖ್ಜನೆ ಅಫ್ಘಾನಿ’ ಪಠಾಣರನ್ನು ಬನೀ ಇಸ್ರಾಈಲರ ಸಂತತಿ ಎನ್ನುತ್ತದೆ. ಭಾಷಾಶಾಸ್ತ್ರಜ್ಞರಾದರೋ ಪಶ್ತೋವನ್ನು ಪೂರ್ವ ಇರಾನಿ ಭಾಷೆಗಳ ಸಾಲಿಗೆ ಸೇರಿಸುತ್ತಾರೆ. ಅದು ಹೀಬ್ರೂವಿಗಲ್ಲ, ಪರ್ಷಿಯನ್ನಿಗೆ ಬಂಧು. ವಂಶಾವಳಿ ಒಂದು ದಿಕ್ಕು ತೋರಿಸಿದರೆ ಭಾಷೆ ಇನ್ನೊಂದು ದಿಕ್ಕು ತೋರಿಸುತ್ತದೆ.

ಆದರೆ ಮನೆ ಮಾಲೀಕರನ್ನಷ್ಟೇ ದೂರಿ ಸುಮ್ಮನಾಗುವುದು ನ್ಯಾಯವಲ್ಲ. ಹೆಣ್ಣು ಗಂಡಿನ ಮಾತು ಬಂದಾಗ “ನಾವು ಪಠಾಣರು, ಅವರು ಪಿಂಜಾರರು” ಎನ್ನುವವರು ನಮ್ಮಲ್ಲೇ ಇಲ್ಲವೇ? ಹತ್ತಿ ಹಿಂಜಿ ಮರ್ಯಾದೆಯಿಂದ ಬದುಕಿದ ಇಲ್ಲಿನವನು ಕೀಳು, ದೂರದಿಂದ ಬಂದವನ ವಂಶ ಮೇಲು ಎಂದು ನಾವೇ ತೂಗಿದರೆ, “ನೀವು ಹೊರಗಿನವರು” ಎನ್ನುವವರ ಕೈಗೆ ತಕ್ಕಡಿ ಕೊಟ್ಟವರು ಯಾರು? ಮದುವೆಯ ಮಾತುಕತೆಯಲ್ಲಿ ನಮ್ಮನ್ನು ಮೇಲಕ್ಕೇರಿಸಿದ ವಂಶದ ಕಥೆಯೇ ಬಾಡಿಗೆ ಮನೆಯ ಬಾಗಿಲಲ್ಲಿ ನಮ್ಮನ್ನು ಪರಕೀಯರನ್ನಾಗಿಸುತ್ತದೆ.

ಕುಲ ಪಂಗಡಗಳಿರುವುದು ಪರಸ್ಪರ ಪರಿಚಯಕ್ಕಾಗಿ, ಹಿರಿಮೆ ಇರುವುದು ದೇವಭಯದಲ್ಲಿ ಎಂಬುದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ (49:13) ಬೋಧನೆ. ಪರಿಚಯಕ್ಕಾಗಿ ಎಂದಮೇಲೆ ಹೆಸರನ್ನು ಅಳಿಸಿಕೊಳ್ಳಬೇಕಾಗಿಲ್ಲ. ಪಠಾಣ ಎಂಬುದು ಹಿರಿಯರ ಪಯಣದ ನೆನಪು, ಅದು ಉಳಿಯಲಿ. ಅದರಿಂದ ಯಾರ ಯೋಗ್ಯತೆಯನ್ನೂ ಅಳೆಯುವುದು ಬೇಡ.

ಕೆಲವು ದಿನಗಳ ನಂತರ ಆ ಯುವಕ ನಮ್ಮೊಡನೆ ಹೇಳಿದ: “ನಮ್ಮ ಮುತ್ತಜ್ಜನ ಗೋರಿ ಸವಣೂರಾಗ ಐತ್ರೀ. ನಾ ದುಡಿಯೋದು ಪೀಣ್ಯದಾಗ. ಇದಕ್ಕಿಂತ ಬ್ಯಾರೆ ಮೂಲ ಎಲ್ಲಿಂದ ತರಲಿ?”

ಈ ಉತ್ತರ ಸಾಲದು ಎನ್ನುವ ಹಕ್ಕು ಯಾರಿಗೂ ಇಲ್ಲ. ನಮಗೂ ಇಲ್ಲ.