ಸೇವೆಯೂ ಸಂಬಳವೂ

“ಅವ್ವನ್ನ ನೋಡ್ಕೊಳ್ಳಾಕ ಪಗಾರ ಕೊಟ್ಟು ಹೆಣ್ಣಾಳು ಇಟ್ಟಾನಂತ.” ಮುಂಡಗೋಡದ ಕಡೆಯ ಹಳ್ಳಿಗಳಲ್ಲಿ ಈಚೆಗೆ ಇಂಥ ಮಾತು ಆಗಾಗ ಕಿವಿಗೆ ಬೀಳುತ್ತದೆ. ಮಾತಿನಲ್ಲಿ ಬೈಗುಳ ಒಂದೂ ಇಲ್ಲ. ಆದರೆ ಕೊನೆಯಲ್ಲಿ ಬರುವ ಆ ‘ಅಂತ’ ಉಂಟಲ್ಲ, ಅದರಲ್ಲಿ ಎಲ್ಲವೂ ಅಡಗಿದೆ. ಪರರಿಂದ ಕೇಳಿದ್ದನ್ನು ತಿಳಿಸುವ ಪದವೆಂದು ವ್ಯಾಕರಣದವರು ಹೇಳಿ ಸುಮ್ಮನಾದಾರು. ಕೇಳುವವರಿಗೆ ಅದು ತೀರ್ಪಿನ ಹಾಗೆ ಕೇಳಿಸುತ್ತದೆ. ಎತ್ತು ಕಾಯಲು ಆಳಿಟ್ಟರೆ, ಮಕ್ಕಳಿಗೆ ಪಾಠ ಹೇಳಲು ಮಾಸ್ತರರನ್ನಿಟ್ಟರೆ ಯಾರೂ ಹೀಗೆ ರಾಗ ಎಳೆಯುವುದಿಲ್ಲ. ಹೆತ್ತವಳಿಗಾಗಿ ಆಳಿಟ್ಟಾಗ ಎಳೆಯುತ್ತಾರೆ. ಹಣ ಬರಬಾರದ ಕಡೆ ಹಣ ಬಂದಿತೆಂಬ ಭಾವನೆ ಅದರ ಹಿಂದಿದೆ. ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಸ್ವಲ್ಪ ವಿಚಾರ ಮಾಡಿ ನೋಡೋಣ.

ಇದು ಉಳ್ಳವರ ಮನೆಯ ಪ್ರಶ್ನೆ ಮಾತ್ರವಲ್ಲ. 2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಹುಟ್ಟಿದ ಊರಲ್ಲಿಲ್ಲ. ಮುಂಡಗೋಡ ತಾಲ್ಲೂಕಿನ ಹುಡುಗ ಓದು ಮುಗಿಸಿ ಹುಬ್ಬಳ್ಳಿಗೋ ಗೋವೆಗೋ ಬೆಂಗಳೂರಿಗೋ ಹೋದರೆ ಅದು ಯಾರ ಅಪರಾಧವೂ ಅಲ್ಲ. ಮೂರು ಪಾಲಾದ ಗದ್ದೆ ಮೂರು ಸಂಸಾರಗಳನ್ನು ಸಾಕಲಾರದು. ಹೋಗೆಂದು ಹರಸಿ ಕಳಿಸಿದವರೂ ಆ ತಂದೆತಾಯಿಗಳೇ.

ಅದೇ ತಾಲ್ಲೂಕಿನ ಚಿಗಳ್ಳಿಯಲ್ಲಿ ನನಗೆ ಪರಿಚಯದ ಒಂದು ಮನೆಯುಂಟು. ಮನೆಯ ಹಿರಿಯಾಕೆಗೆ ಎಂಬತ್ತು ಸಮೀಪಿಸಿದೆ. ಬಚ್ಚಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದಂದಿನಿಂದ ಒಬ್ಬರ ಕೈ ಹಿಡಿಯದೆ ಏಳಲಾರರು. ಮಗ ಅವರನ್ನು ಬೆಂಗಳೂರಿಗೆ ಕರೆದೊಯ್ದ. ಮೂರನೆಯ ಮಹಡಿಯ ಕಿಟಕಿಯಿಂದ ಆಕಾಶ ನೋಡುವುದು ಸಾಕಾಗಿ, ಕೆಲವು ತಿಂಗಳಲ್ಲೇ ಹಠ ಹಿಡಿದು ಊರಿಗೆ ಮರಳಿದರು. ಈಗ ಅದೇ ಓಣಿಯ ಹೆಣ್ಣುಮಗಳೊಬ್ಬಳು ಬೆಳಗ್ಗೆ ಬಂದು ಸಂಜೆಯವರೆಗೆ ಇದ್ದು ಅವರ ಸ್ನಾನ, ಊಟ, ಔಷಧಗಳನ್ನು ನೋಡಿಕೊಳ್ಳುತ್ತಾಳೆ. ರಾತ್ರಿ ಸಂಬಂಧಿಕರೊಬ್ಬರು ಬಂದು ಮಲಗುತ್ತಾರೆ. ತಿಂಗಳ ಮೊದಲ ವಾರದಲ್ಲಿ ಮಗನಿಂದ ಹಣ ಬರುತ್ತದೆ.

ಬೇರೆಯವರ ಕೈಯಲ್ಲಿ ಇರಬೇಕಾಯಿತೆಂದು ಬೇಸರವಿಲ್ಲವೆ ಎಂದು ಒಮ್ಮೆ ಆಕೆಯನ್ನು ಕೇಳಿದೆ. ಆಕೆ ಹೇಳಿದ್ದು ಹೀಗೆ: “ಬ್ಯಾಸರ ಯಾಕ್ರೀ ಮಾಸ್ತರ? ಸೊಸಿ ಮಾಡುವಾಗ ಬಚ್ಚಲಕ್ಕ ಹೋಗೋದು ಬಂದ್ರ ತಡಕೊಂಡು ಕುಂದರ್ತಿದ್ದೆ. ಅಕಿಗೂ ನೂರೆಂಟು ಕೆಲಸ, ಎಷ್ಟ ಸಲ ಕರೀಲಿ? ಈಕಿಗೆ ಪಗಾರ ಐತಿ. ಎರಡು ಸಲ ಹೆಚ್ಚಿಗೆ ಕರದ್ರ ನನಗ ನಾಚಿಕಿ ಇಲ್ಲ.”

ಈ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕೊಡುವವನ ಕಡೆಯಿಂದ ನೋಡಿದರೆ ಸಂಬಳವು ಕರ್ತವ್ಯದಿಂದ ತಪ್ಪಿಸಿಕೊಳ್ಳುವ ದಾರಿಯಂತೆ ಕಾಣುತ್ತದೆ. ಪಡೆಯುವವರ ಕಡೆಯಿಂದ ನೋಡಿದರೆ ಅದು ದಾಕ್ಷಿಣ್ಯದಿಂದ ಬಿಡುಗಡೆ. ಪ್ರೀತಿಯಿಂದ ಸೇವೆ ಮಾಡುವವರ ಮುಂದೆ ಮುದುಕರು ಎಷ್ಟು ಸಣ್ಣಗಾಗಿ ಇರುತ್ತಾರೆಂಬುದನ್ನು ನಾವು ಗಮನಿಸುವುದು ಕಡಿಮೆ. ನೀರಡಿಸಿದರೂ ಕೇಳರು, ನೋವಾದರೂ ಹೇಳರು. ಉಪ್ಪು ಹೆಚ್ಚಾದ ಸಾರನ್ನು ಚೆನ್ನಾಗಿದೆಯೆಂದು ಉಣ್ಣುತ್ತಾರೆ. ಉಪಕಾರದ ಭಾರ ಬೆನ್ನ ಮೇಲಿರುವವನು ನೆಟ್ಟಗೆ ನಿಂತು ಮಾತಾಡಲಾರ. ಕೂಲಿ ಕೊಟ್ಟ ಸೇವೆಯನ್ನು ಆತ ತನ್ನ ಹಕ್ಕೆಂದು ಪಡೆಯಬಲ್ಲ.

ಆದರೆ ಮನೆಯವರು ಮಾಡುವ ಸೇವೆಯಲ್ಲಿ ಹಣದ ಲೆಕ್ಕವಿಲ್ಲ, ಅದು ನಿಷ್ಕಾಮವಾದದ್ದು ಎನ್ನುವವರುಂಟು. ಚಿಗಳ್ಳಿ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ದೀಪನಾಥೇಶ್ವರನ ಗುಡಿ. ಅಲ್ಲಿಯ ದೀಪಗಳು ಎಣ್ಣೆಯಿಲ್ಲದೆ ಉರಿದುವೆಂದು ಭಕ್ತರು ದಶಕಗಳ ಕಾಲ ನಂಬಿ ಕೈಮುಗಿದರು. ದೇವರ ದೀಪದ ಮಾತು ದೇವರಿಗಿರಲಿ. ಮನೆಯ ದೀಪ ಮಾತ್ರ ಎಣ್ಣೆಯಿಲ್ಲದೆ ಎಂದೂ ಉರಿದಿಲ್ಲ. ಯಾರೋ ಒಬ್ಬರು ಎಣ್ಣೆ ಹೊಯ್ಯುತ್ತಿದ್ದರು. ನಾವು ನೋಡುತ್ತಿರಲಿಲ್ಲ, ಅಷ್ಟೆ.

ಲೆಕ್ಕ ಬೇಡವೆನ್ನುವವರಿಗಾಗಿಯೇ ಸ್ವಲ್ಪ ಲೆಕ್ಕ ಹಾಕೋಣ. ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾಗದಂತೆ ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಶುಶ್ರೂಷೆಯನ್ನು ಬಲ್ಲವರು ಹೇಳುತ್ತಾರೆ. ಎಂದರೆ ದಿನಕ್ಕೆ 12 ಸಾರಿ, ವರ್ಷಕ್ಕೆ 4,380 ಸಾರಿ. ಇದು ಬರಿಯ ಮಗ್ಗುಲು ಬದಲಿಸುವ ಕೆಲಸ. ಒಗೆಯುವುದು, ಒರೆಸುವುದು, ಉಣಿಸುವುದು ಬೇರೆ. ಕಾರಖಾನೆಯಲ್ಲಾದರೆ ದಿನದ ಇಪ್ಪತ್ತುನಾಲ್ಕು ತಾಸಿಗೆ ಎಂಟೆಂಟು ತಾಸಿನ ಮೂರು ಪಾಳಿ, ಮೂವರು ಆಳು. ಮನೆಯಲ್ಲಿ ಈ ಮೂರು ಪಾಳಿಗಳನ್ನೂ ಒಬ್ಬಳೇ ಮಾಡುತ್ತಾಳೆ. ಸಾಮಾನ್ಯವಾಗಿ ಅವಳು ಸೊಸೆ, ಇಲ್ಲವೆ ಮದುವೆಯಾಗದೆ ಉಳಿದ ಮಗಳು. ಊರು ಮಾತ್ರ ‘ಮಗ ತಾಯಿಯನ್ನು ಚೆನ್ನಾಗಿ ನೋಡಿಕೊಂಡ’ ಎಂದು ಹೊಗಳುತ್ತದೆ. ಮಗನು ಋಣ ತೀರಿಸಿದ್ದು ನಿಜ. ಪರರ ಕೈಯಿಂದಲೇ ತೀರಿಸಿದ. ಆ ಕೈಗೆ ಕೂಲಿಯಿರಲಿಲ್ಲವೆಂಬುದಷ್ಟೇ ವ್ಯತ್ಯಾಸ.

ನಮ್ಮ ಪುರಾಣದಲ್ಲಿ ತಂದೆಯ ಮುಪ್ಪನ್ನು ಮಗ ಹೊತ್ತ ಕಥೆ ಯಯಾತಿಯದು. ಉಳಿದ ಮಕ್ಕಳು ಒಲ್ಲೆವೆಂದರು, ಪೂರು ಒಪ್ಪಿದ. ತ್ಯಾಗಕ್ಕೆ ಮಾದರಿಯೆಂದು ಅವನನ್ನು ಕೊಂಡಾಡುತ್ತೇವೆ. ಕೊನೆಗೆ ಅವನಿಗೆ ರಾಜ್ಯವೇ ದೊರೆಯಿತು. ಆದ್ದರಿಂದ ಅದು ಪ್ರತಿಫಲವಿಲ್ಲದ ಸೇವೆಯೇನೂ ಅಲ್ಲ. 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕದಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆ ಬರುತ್ತಾಳೆ. ತಂದೆಮಕ್ಕಳು ತಮ್ಮೊಳಗೆ ಮುಗಿಸಿಕೊಂಡ ಈ ಒಪ್ಪಂದದ ಫಲವನ್ನು ಉಣ್ಣಬೇಕಾದವಳು ಅವಳು. ಮುದುಕನಾದ ಗಂಡನನ್ನು ಕಂಡು ಬಾಳಲಾರದೆ ಸಾಯುತ್ತಾಳೆ. ಮಗನ ತ್ಯಾಗದ ಬೆಲೆಯನ್ನು ಸೊಸೆ ತೆತ್ತ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಸೇವೆಗೆ ಕೂಲಿ ಸೇರಿದರೆ ಅದರ ಪಾವಿತ್ರ್ಯ ಹೋಗುತ್ತದೆಂಬ ಮಾತೂ ನಮ್ಮ ಹಿರಿಯರ ಮಾತಲ್ಲ. ಹೆರಿಗೆಗಿಂತ ಆಪ್ತವಾದ ಗಳಿಗೆ ಮನೆಯಲ್ಲಿ ಮತ್ತೊಂದಿಲ್ಲ. ಸೂಲಗಿತ್ತಿಗೆ ಸೀರೆ, ಅಕ್ಕಿ, ಕಾಯಿ, ರೊಕ್ಕ ಕೊಟ್ಟು ಕಳಿಸುವುದು ರೂಢಿಯಾಗಿತ್ತು. ಅವಳಿಗೆ ಸಲ್ಲಬೇಕಾದದ್ದನ್ನು ಕೊಡದೆ ಕಳಿಸಿದರೆ ಮನೆಗೆ ಒಳ್ಳೆಯದಲ್ಲವೆನ್ನುತ್ತಿದ್ದರು. ಕಣದಲ್ಲಿ ರಾಶಿಯಾದಾಗ ಆಯಗಾರರ ಪಾಲನ್ನು ತೆಗೆದಿಡುವುದು ಊರಿನ ಧರ್ಮವಾಗಿತ್ತು. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಪೂಜೆಯ ಸ್ಥಾನ ಕೊಟ್ಟರು. ಕಾಯಕದಿಂದ ಬಂದ ಸಂಪಾದನೆ ಕೀಳೆಂದು ಅವರು ತಿಳಿಯಲಿಲ್ಲ. ಕೂಲಿಯಿಂದ ಕೆಲಸ ಮೈಲಿಗೆಯಾಗುವುದಿಲ್ಲ. ಕೂಲಿ ಕೊಟ್ಟೆನೆಂಬ ಅಹಂಕಾರದಿಂದ ಆದೀತು.

ಇಷ್ಟಾದರೂ ಊರಿನವರ ಆ ‘ಅಂತ’ದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಣದಿಂದ ಕೊಳ್ಳಬಹುದಾದದ್ದು ಕೈಯನ್ನು, ಹೊತ್ತನ್ನು, ಕೆಲಸದ ಜಾಣತನವನ್ನು. ಒಳ್ಳೆಯವರು ಸಿಕ್ಕರೆ ಇದರೊಂದಿಗೆ ಅಕ್ಕರೆಯೂ ಬರುತ್ತದೆ. ಆದರೆ ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಲಾಗದು. ಕೆಟ್ಟವರು ಸಿಕ್ಕರೆ ಗದರಿಕೆ, ಕಡೆಗಣನೆ, ಕಳವು ಎಲ್ಲವೂ ನಡೆದಾವು. ಹಾಸಿಗೆಯಲ್ಲಿರುವವರು ಹೆದರಿ ಬಾಯಿ ಬಿಡರು. ಆಗ ಯಾರು ಕೇಳಬೇಕು?

ಕನ್ನಡದಲ್ಲಿ ದಿಕ್ಕಿಲ್ಲದವರನ್ನು ‘ಹೇಳುವವರು ಕೇಳುವವರು ಇಲ್ಲದವರು’ ಎನ್ನುತ್ತೇವೆ. ಮಾಡುವವರು ಇಲ್ಲದವರು ಎನ್ನುವುದಿಲ್ಲ. ಈ ನುಡಿಯಲ್ಲಿ ದೊಡ್ಡ ವಿವೇಕ ಉಂಟೆಂದು ನನಗೆ ತೋರುತ್ತದೆ. ಮಾಡುವವರನ್ನು ಸಂಬಳಕ್ಕೆ ಇಡಬಹುದು. ಹೇಳುವವರನ್ನೂ ಕೇಳುವವರನ್ನೂ ಇಡಲು ಬರುವುದಿಲ್ಲ. ಬೆನ್ನಿನ ಹುಣ್ಣು ಮಾಗಿತೆ, ಗುಳಿಗೆ ಹೊತ್ತಿಗೆ ಸರಿಯಾಗಿ ಬಿತ್ತೆ, ನಿನ್ನೆ ಊಟ ಏಕೆ ಬಿಟ್ಟರು ಎಂದು ಕೇಳುವುದು. ಶಸ್ತ್ರಚಿಕಿತ್ಸೆ ಬೇಕೆ ಬೇಡವೆ ಎಂಬುದನ್ನು ಅವರನ್ನೇ ವಿಚಾರಿಸಿ ನಿರ್ಧರಿಸುವುದು. ಹತ್ತು ಸಾರಿ ಹೇಳಿದ ಹಳೆಯ ಕಥೆಯನ್ನು ಹನ್ನೊಂದನೆಯ ಸಾರಿ ಕೇಳಿಸಿಕೊಳ್ಳುವುದು, ಇವು ಮಕ್ಕಳ ಪಾಲಿಗೇ ಉಳಿಯುತ್ತವೆ. ದೂರದಲ್ಲಿದ್ದರೂ ಇವನ್ನು ಮಾಡಬಹುದು. ಅದೇ ಮನೆಯಲ್ಲಿದ್ದೂ ಮಾಡದವರಿದ್ದಾರೆ. ತಾಯಿಗೆ ಆಳಿಟ್ಟವನ ಬಗ್ಗೆ ತೀರ್ಪು ಕೊಡಬೇಕಾದರೆ ಮೈ ತೊಳೆದವರಾರು ಎಂದು ಕೇಳಿದರೆ ಸಾಲದು. ತೊಳೆಯದೆ ಬಿಟ್ಟ ದಿನ ಅದು ಅವನಿಗೆ ಗೊತ್ತಾಗುತ್ತಿತ್ತೇ ಎಂದು ಕೇಳಬೇಕು.

ಇನ್ನು, ಪಗಾರ ಪಡೆಯುವವಳ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ಚಿಗಳ್ಳಿಯ ಆ ಹೆಣ್ಣುಮಗಳಿಗೂ ಮನೆಯಲ್ಲಿ ಅತ್ತೆಯಿದ್ದಾಳೆ. ಆಕೆಗೂ ಕಣ್ಣು ಮಂಜು. ಇವಳು ಇಲ್ಲಿ ಒಬ್ಬರಿಗೆ ಗಂಜಿ ಕುಡಿಸುವ ಹೊತ್ತಿನಲ್ಲಿ ಅಲ್ಲಿ ಆಕೆಗೆ ಗಂಜಿ ಕೊಡುವವಳು ಶಾಲೆಯಿಂದ ಬಂದ ಮೊಮ್ಮಗಳು. ಆ ಹುಡುಗಿಗೆ ಪಗಾರವಿಲ್ಲ. ಇದೇ ಹೆಣ್ಣುಮಗಳು ನಾಳೆ ಹೆಚ್ಚಿನ ಹಣಕ್ಕಾಗಿ ಹುಬ್ಬಳ್ಳಿಯ ಯಾವುದೋ ಮನೆಗೆ ಹೋದರೆ ಓಣಿಯಲ್ಲಿ ಇಬ್ಬರು ಮುದುಕಿಯರು ಒಂಟಿಯಾಗುತ್ತಾರೆ. ಹಣವು ಸೇವೆಯನ್ನು ಹುಟ್ಟಿಸುವುದಿಲ್ಲ. ಬಹಳ ಸಾರಿ ಬಡವರ ಮನೆಯಿಂದ ಉಳ್ಳವರ ಮನೆಗೆ ಸಾಗಿಸುತ್ತದೆ. ಇದನ್ನು ಬಲ್ಲವನು ಕೂಲಿಯಲ್ಲಿ ಚೌಕಾಸಿ ಮಾಡಲು ಹಿಂಜರಿಯಬೇಕು. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲೇ ಗೊತ್ತುಪಡಿಸಿದ ರಾಜ್ಯ ನಮ್ಮದು. ಆದರೆ ಬಾಗಿಲ ಒಳಗಿನ ಕೆಲಸಕ್ಕೆ ಕಾಯಿದೆಯ ಕಣ್ಣು ಅಷ್ಟಾಗಿ ಹೋಗದು. ವಾರದ ರಜೆ, ಕಾಯಿಲೆ ಬಿದ್ದಾಗ ಸಂಬಳ, ಮಲಗಿದವರನ್ನು ಬೆನ್ನು ನೋಯದಂತೆ ಎತ್ತುವ ತಿಳಿವಳಿಕೆ, ಇವನ್ನೆಲ್ಲ ಯಜಮಾನನ ಮನಸ್ಸಾಕ್ಷಿಯೇ ಒದಗಿಸಬೇಕಾಗಿದೆ.

ಎಲ್ಲವನ್ನೂ ಮಗನ ಜೇಬಿಗೂ ಮನಸ್ಸಾಕ್ಷಿಗೂ ಬಿಡುವುದಾದರೆ ಸಮಾಜವೆಂಬುದು ಏತಕ್ಕೆ? 1956ರ ಕಾಯಿದೆಯೊಂದು ವೃದ್ಧ ತಂದೆತಾಯಿಗಳ ಪೋಷಣೆಯನ್ನು ಹಿಂದೂ ಕುಟುಂಬಗಳಲ್ಲಿ ಗಂಡುಮಕ್ಕಳ ಮೇಲೂ ಹೆಣ್ಣುಮಕ್ಕಳ ಮೇಲೂ ಹೊರಿಸಿತು. 2007ರಲ್ಲಿ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಎಲ್ಲ ಮತದವರಿಗೂ ಅನ್ವಯಿಸುವಂತೆ ಬಂತು. ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರಗಳನ್ನು ಅದು ಹೆಸರಿಸಿತು. ಮಗ್ಗುಲು ಬದಲಿಸುವ ಕೈಯನ್ನು ಹೆಸರಿಸಲಿಲ್ಲ. ನ್ಯಾಯಮಂಡಳಿ ಕೊಡಿಸಬಹುದಾದ ಜೀವನಾಂಶಕ್ಕೆ ಆ ಕಾಯಿದೆ ಇಟ್ಟ ಮಿತಿ ತಿಂಗಳಿಗೆ 10,000 ರೂಪಾಯಿ. ನಗರಗಳಲ್ಲಿ ಹಗಲಿರುಳು ನೋಡಿಕೊಳ್ಳುವವರನ್ನು ಕಳಿಸಲು ಏಜೆನ್ಸಿಗಳು ಕೇಳುವ ಹಣ ಇದಕ್ಕಿಂತ ಎಷ್ಟೋ ಹೆಚ್ಚು. ಬಡ ವೃದ್ಧರಿಗಾಗಿ ನಮ್ಮ ಸರಕಾರ ನಡೆಸುವ ಸಂಧ್ಯಾ ಸುರಕ್ಷಾ ಮಾಸಾಶನ 2021ರಲ್ಲಿ 1,200 ರೂಪಾಯಿಗೆ ಏರಿತು. ದಿನಕ್ಕೆ ನಲವತ್ತು ರೂಪಾಯಿ. ಇದರಿಂದ ಗುಳಿಗೆ ಬಂದೀತು, ಆಳು ಬರುವುದಿಲ್ಲ.

ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ ಮುಪ್ಪಿನ ಆರೈಕೆಗೆಂದೇ ವಿಮೆಯ ಏರ್ಪಾಡುಂಟು. ಜಪಾನಿನಲ್ಲಿ ನಲವತ್ತು ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ಉಳಿದದ್ದಕ್ಕೆ ತೆರಿಗೆಯ ಹಣ ಸೇರುತ್ತದೆ. ಜರ್ಮನಿಯಲ್ಲಿ ಮನೆಯವರೇ ಶುಶ್ರೂಷೆ ಮಾಡಿದರೂ ಒಂದು ಭತ್ಯೆ ದೊರೆಯುತ್ತದೆ. ಸೊಸೆಯ ಕೆಲಸವೂ ಕೆಲಸವೇ ಎಂದು ಅಲ್ಲಿಯ ಕಾಯಿದೆ ಒಪ್ಪಿಕೊಂಡಿತು. ಅಷ್ಟು ದೂರ ಹೋಗುವುದೂ ಬೇಡ. 1966ರಲ್ಲಿ ಮುಂಡಗೋಡದಲ್ಲಿ ನೆಲೆಗೊಂಡ ಟಿಬೇಟಿನ ನಿರಾಶ್ರಿತರು, ಮನೆಮಾರು ಕಳೆದುಕೊಂಡು ಬಂದ ಜನ, ತಮ್ಮ ದಿಕ್ಕಿಲ್ಲದ ಮುದುಕರಿಗಾಗಿ ವಸತಿಯಲ್ಲೇ ಒಂದು ಆಶ್ರಯಧಾಮ ಕಟ್ಟಿಕೊಂಡರು. ಮುಪ್ಪನ್ನು ಒಂದೊಂದು ಮನೆಯ ಒಳಕೋಣೆಗೆ ಬಿಡದೆ ಸಮುದಾಯ ತನ್ನದೆಂದು ಕಂಡಿತು.

ನಮ್ಮ ಪಂಚಾಯತಿಗಳೂ ಹೀಗೆ ಮನಸ್ಸು ಮಾಡಿದರೆ ಊರಿಗೆ ಇಬ್ಬರು ಮೂವರು ಹೆಣ್ಣುಮಕ್ಕಳಿಗೆ ಶುಶ್ರೂಷೆ ಕಲಿಸಿ, ಗೌರವದ ವೇತನ ಕೊಟ್ಟು, ಉಳ್ಳವರ ಮನೆಗೂ ಇಲ್ಲದವರ ಮನೆಗೂ ಕಳಿಸಬಹುದು. ಆಗ ಓಣಿಯ ಅತ್ತೆಗೂ ಗಂಜಿ ಸಿಕ್ಕೀತು. ಮೊಮ್ಮಗಳು ಪುಸ್ತಕ ತೆರೆದಾಳು. ಅದಾಗುವವರೆಗೆ ಹಣವುಳ್ಳ ಮಕ್ಕಳು ಕೊಡಲಿ, ಯೋಗ್ಯವಾದಷ್ಟು ಕೊಡಲಿ. ತಾಯಿಯ ಸೇವೆಗೆ ಪಗಾರದವಳನ್ನು ಇಟ್ಟೆನೆಂದು ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಆ ಪಗಾರ ಅವಳ ಹೊಟ್ಟೆಗೆ ಸಾಲದೆ ಹೋದರೆ, ಅಥವಾ ಅದನ್ನು ಕಳಿಸಿದ ಮೇಲೆ ಊರಿನ ದಾರಿಯೇ ಮರೆತುಹೋದರೆ, ಆಗ ತಗ್ಗಿಸಬೇಕು.